ಸಿಂಗಪುರ: ಬಂಧನದ ಕಾಯ್ದೆ ಮತ್ತು ಉಸ್ತಾದರ ಸಂವಾದ

2001ರ ಡಿಸೆಂಬರ್‌ನಲ್ಲಿ ಸಿಂಗಪುರದ ಆಂತರಿಕ ಭದ್ರತಾ ಇಲಾಖೆ ಜೆಮಾ ಇಸ್ಲಾಮಿಯಾ ಎಂಬ ಉಗ್ರ ಸಂಘಟನೆಯ ಸದಸ್ಯರನ್ನು ಬಂಧಿಸಿತು. ವಿದೇಶಿ ರಾಯಭಾರ ಕಚೇರಿಗಳ ಮೇಲೆ ಮತ್ತು ಅಮೆರಿಕದ ಸೈನಿಕರು ಓಡಾಡುತ್ತಿದ್ದ ಯಿಶುನ್ ರೈಲು ನಿಲ್ದಾಣದ ಬಳಿ ದಾಳಿ ನಡೆಸಲು ಅವರು ಸಂಚು ಹೂಡಿದ್ದರು. ದೇಶವನ್ನು ಇನ್ನಷ್ಟು ಕಂಗೆಡಿಸಿದ ಸಂಗತಿಯೆಂದರೆ, ಬಂಧಿತರಲ್ಲಿ ಹೆಚ್ಚಿನವರು ನೌಕರಿ, ಸಂಸಾರ, ಸ್ವಂತ ಮನೆ ಇದ್ದ ಸಾಮಾನ್ಯ ನಾಗರಿಕರಾಗಿದ್ದರು.

ಧರ್ಮದ ಹೆಸರಿನಲ್ಲಿ ರಕ್ತ ಹರಿಯುವುದೆಂದರೇನೆಂದು ಸಿಂಗಪುರ ಮೊದಲೇ ಕಂಡಿತ್ತು. 1950ರಲ್ಲಿ, ಮಲಯ ಮುಸ್ಲಿಂ ಸಾಕುತಾಯಿಯ ಬಳಿ ಬೆಳೆದಿದ್ದ ಮರಿಯಾ ಹರ್ಟೋಗ್ ಎಂಬ ಬಾಲಕಿಯನ್ನು ಆಕೆಯ ಡಚ್ ಹೆತ್ತವರಿಗೆ ಒಪ್ಪಿಸಬೇಕೆಂದು ನ್ಯಾಯಾಲಯ ತೀರ್ಪಿತ್ತ ಬಳಿಕ ಭುಗಿಲೆದ್ದ ಗಲಭೆಯಲ್ಲಿ 18 ಜನ ಸತ್ತರು. 1964ರ ಜುಲೈನಲ್ಲಿ ಪ್ರವಾದಿ ಜಯಂತಿಯ ಮೆರವಣಿಗೆಯ ವೇಳೆ ಮಲಯರು ಮತ್ತು ಚೀನೀಯರ ನಡುವೆ ಹೊತ್ತಿದ ಕಿಡಿ ಸೆಪ್ಟೆಂಬರ್‌ನಲ್ಲಿ ಮತ್ತೆ ಉರಿದು, ಎರಡೂ ಬಾರಿ ಸೇರಿ 36 ಜನರನ್ನು ಬಲಿ ತೆಗೆದುಕೊಂಡಿತು. ಯಾವ ಬಡಾವಣೆಯೂ ಒಂದೇ ಜನಾಂಗದ ಕೇರಿಯಾಗದಂತೆ 1989ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಪ್ರತಿ ಜನಾಂಗಕ್ಕೂ ಮಿತಿ ಗೊತ್ತುಪಡಿಸಿದ್ದರ ಹಿಂದೆ ಈ ನೆನಪೂ ಇತ್ತು. 1990ರ ಧಾರ್ಮಿಕ ಸಾಮರಸ್ಯ ಕಾಯ್ದೆ, ಅನ್ಯಮತದ ಬಗ್ಗೆ ದ್ವೇಷ ಬಿತ್ತುವ ಅಥವಾ ಪೀಠದಿಂದ ರಾಜಕೀಯ ಮಾಡುವ ಧರ್ಮಬೋಧಕರನ್ನು ತಡೆಯುವ ಅಧಿಕಾರವನ್ನು ಸಚಿವರಿಗೆ ನೀಡಿತು. 2019ರಲ್ಲಿ ತಿದ್ದುಪಡಿಯಾಗುವವರೆಗೆ ಆ ಕಾಯ್ದೆಯಡಿ ಒಂದು ನಿರ್ಬಂಧಕ ಆದೇಶವೂ ಹೊರಬಿದ್ದಿರಲಿಲ್ಲ.

ಆದರೆ 2001ರಲ್ಲಿ ಬಳಕೆಯಾದದ್ದು ಇದಕ್ಕಿಂತ ಹಳೆಯದಾದ ಆಂತರಿಕ ಭದ್ರತಾ ಕಾಯ್ದೆ. ವಿಚಾರಣೆಯಿಲ್ಲದೆ ಎರಡು ವರ್ಷ ಬಂಧನದಲ್ಲಿಡಲು, ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲು ಅದರಲ್ಲಿ ಅವಕಾಶವಿದೆ. 1987ರಲ್ಲಿ ಮಾರ್ಕ್ಸ್‌ವಾದಿ ಸಂಚಿನ ಆರೋಪ ಹೊರಿಸಿ 22 ಜನರನ್ನು ಹಿಡಿದದ್ದೂ ಇದೇ ಕಾಯ್ದೆಯಡಿ. ಅವರಲ್ಲಿ ಕ್ಯಾಥೊಲಿಕ್ ಚರ್ಚಿನ ಸಮಾಜಸೇವಾ ಕಾರ್ಯಕರ್ತರೂ ಇದ್ದರು, ಆ ಆರೋಪ ನ್ಯಾಯಾಲಯದ ಮುಂದೆ ಸಾಬೀತಾಗಲೇ ಇಲ್ಲ. ಆದ್ದರಿಂದ ಉಗ್ರವಾದವನ್ನು ಎದುರಿಸುವಲ್ಲಿ ಸಿಂಗಪುರ ಕಂಡ ಯಶಸ್ಸನ್ನು ಕೊಂಡಾಡುವಾಗ ಈ ಕಾಯ್ದೆಯನ್ನೂ ಅದರ ಜೊತೆಗೆ ಮೆಚ್ಚಿಕೊಳ್ಳುವುದು ನನಗೆ ಸರಿಕಾಣದು.

ಮೆಚ್ಚಬೇಕಾದದ್ದು ಜೈಲಿನೊಳಗೆ ಆಮೇಲೆ ನಡೆದ ಕೆಲಸ. ಬಂಧಿತರ ತಪ್ಪು ನಂಬಿಕೆಗೆ ಪೊಲೀಸರಾಗಲಿ ಅಧಿಕಾರಿಗಳಾಗಲಿ ಉತ್ತರ ಕೊಡಲಾರರೆಂಬುದು ಸ್ಪಷ್ಟವಾದಾಗ, ಉಸ್ತಾದ್, ಅಂದರೆ ಇಸ್ಲಾಂ ಧರ್ಮದ ಗುರುಗಳಾದ ಅಲಿ ಹಾಜಿ ಮೊಹಮ್ಮದ್ ಮತ್ತು ಮೊಹಮ್ಮದ್ ಹಸ್ಬಿ ಹಸನ್ ಅವರ ಮುಂದಾಳತ್ವದಲ್ಲಿ 2003ರಲ್ಲಿ ಧಾರ್ಮಿಕ ಪುನರ್ವಸತಿ ಗುಂಪು ರೂಪುಗೊಂಡಿತು. ಅದರ ಸದಸ್ಯರು ಸ್ವಯಂಸೇವಕರಾಗಿ ಬಂದ ಧರ್ಮಪಂಡಿತರು. ಇವರು ಸರ್ಕಾರದ ಪರವಾಗಿ ಬಂದವರೆಂದು ಬಂಧಿತರು ಆರಂಭದಲ್ಲಿ ಶಂಕಿಸಿದರು. ನಾಯಕನಿಗೆ ಮಾಡಿದ ಬೈಅತ್ ಎಂಬ ನಿಷ್ಠೆಯ ಪ್ರಮಾಣವನ್ನು ಮುರಿದರೆ ಪಾಪ ಅಂಟುತ್ತದೆಂಬ ಭಯ ಹಲವರಲ್ಲಿತ್ತು. ಅಂಥ ಭಯವನ್ನು ಕಳೆಯುವುದು ಧರ್ಮಗ್ರಂಥವನ್ನು ಬಲ್ಲವರಿಗೆ ಮಾತ್ರ ಸಾಧ್ಯವಿತ್ತು. ಜಿಹಾದ್ ಎಂದರೇನು, ಅನ್ಯಧರ್ಮೀಯರ ನಡುವೆ ಮುಸ್ಲಿಮನು ಹೇಗೆ ಬಾಳಬೇಕು ಎಂಬುದನ್ನು ಅವರು ತಿಂಗಳುಗಟ್ಟಲೆ ಎದುರಾ ಬದುರು ಕೂತು ಚರ್ಚಿಸಿದರು. ಇತ್ತ ಮುಸ್ಲಿಂ ಸಮುದಾಯದ ಸಂಸ್ಥೆಗಳು ಬಂಧಿತರ ಹೆಂಡತಿ ಮಕ್ಕಳಿಗೆ ಹಣದ ನೆರವು ನೀಡಿದವು, ಮಕ್ಕಳ ಓದು ನಿಲ್ಲದಂತೆ ನೋಡಿಕೊಂಡವು. ಅಪ್ಪನ ಬಂಧನದ ಕಹಿಯಲ್ಲಿ ಬೆಳೆಯುವ ಮಗು ಅದೇ ದಾರಿ ಹಿಡಿಯಬಾರದೆಂಬ ಈ ಕಾಳಜಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಮುಂದೆ ಇಂಟರ್‌ನೆಟ್ ಈ ಸಮಸ್ಯೆಯ ಸ್ವರೂಪವನ್ನೇ ಬದಲಿಸಿತು. 2020ರ ಡಿಸೆಂಬರ್‌ನಲ್ಲಿ ಬಂಧಿತನಾದ 16 ವರ್ಷದ ಹುಡುಗ ಯಾವ ಸಂಘಟನೆಗೂ ಸೇರಿರಲಿಲ್ಲ. ಭಾರತೀಯ ಮೂಲದ ಆ ಪ್ರೊಟೆಸ್ಟಂಟ್ ಕ್ರೈಸ್ತ, 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ ನಡೆದ ಹತ್ಯಾಕಾಂಡದಿಂದ ಪ್ರೇರಿತನಾಗಿ, ಅದರ ವಾರ್ಷಿಕ ದಿನದಂದೇ ಎರಡು ಮಸೀದಿಗಳಲ್ಲಿ ಮುಸ್ಲಿಮರನ್ನು ಕೊಲ್ಲಲು ಯೋಜಿಸಿದ್ದ. ಉಸ್ತಾದರು ನಡೆಸಿಕೊಂಡು ಬಂದಿದ್ದ ಸಂವಾದದ ಕ್ರಮವನ್ನು ಈ ಬಾರಿ ಕ್ರೈಸ್ತ ಧರ್ಮಬೋಧಕರು ಕೈಗೆತ್ತಿಕೊಳ್ಳಬೇಕಾಯಿತು. ಅವನನ್ನು ಹಿಡಿದಿಟ್ಟದ್ದು ಮಾತ್ರ ಅದೇ ಹಳೆಯ, ವಿಚಾರಣೆ ಬೇಡದ ಕಾಯ್ದೆ.