ಬಿಗಿಸುವ ಟಾರ್ಕ್: ಅಲ್ಯೂಮಿನಿಯಂ ತೂತಿನ ಲೆಕ್ಕವೇ ಬೇರೆ

ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೋ ಭಾರದಷ್ಟು ಒತ್ತಿದರೆ ಬೋಲ್ಟಿಗೆ ಸಿಗುವ ತಿರುಗುಬಲ 25 ನ್ಯೂಟನ್ ಮೀಟರ್. ಇದೇ ಟಾರ್ಕ್. ನಮಗೆ ನಿಜವಾಗಿ ಬೇಕಿರುವುದು ಮಾತ್ರ ಇದಲ್ಲ. ಬಿಗಿಸಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಸ್ಪ್ರಿಂಗಿನಂತೆ ಎಳೆಯುತ್ತ ಎರಡು ಭಾಗಗಳನ್ನು ಅದುಮಿ ಹಿಡಿಯುತ್ತದೆ. ಬೇಕಾದದ್ದು ಆ ಎಳೆತ. ಅದನ್ನು ನೇರವಾಗಿ ಅಳೆಯುವುದು ಕಷ್ಟವೆಂದು ಟಾರ್ಕ್ ಅಳೆದು ಅಂದಾಜು ಮಾಡುತ್ತೇವೆ. ಅದೂ ಒರಟು ಅಂದಾಜೇ. ಹಾಕಿದ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಇನ್ನೂ ಶೇ. 40ರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಎಳೆತಕ್ಕೆ ಉಳಿಯುವುದು ಹತ್ತರಲ್ಲೊಂದು ಪಾಲು.

ಸೂತ್ರ ಸರಳ: ಘರ್ಷಣೆಯ ಅಂಕಿ, ಬೋಲ್ಟಿನ ವ್ಯಾಸ, ಎಳೆತ, ಈ ಮೂರನ್ನೂ ಗುಣಿಸಿದರೆ ಟಾರ್ಕ್. ಎಣ್ಣೆಯಿಲ್ಲದ ಬೋಲ್ಟಿಗೆ ಘರ್ಷಣೆಯ ಅಂಕಿ ಸಾಮಾನ್ಯವಾಗಿ 0.2. 8 ಮಿ.ಮೀ. ವ್ಯಾಸದ 8.8 ದರ್ಜೆಯ (ದರ್ಜೆಯ ಅಂಕಿ ದೊಡ್ಡದಾದಷ್ಟೂ ಬೋಲ್ಟಿನ ಬಲ ಹೆಚ್ಚು) ಬೋಲ್ಟ್ ಹಿಗ್ಗಿ ಹಾಳಾಗದೆ ಸುಮಾರು 21 ಕಿಲೋನ್ಯೂಟನ್ ತಡೆಯುತ್ತದೆ. ಅದರ ಮುಕ್ಕಾಲು ಪಾಲು 16 ಎಂದಿಟ್ಟುಕೊಂಡರೆ 25 ನ್ಯೂಟನ್ ಮೀಟರ್ ಬರುತ್ತದೆ. ಅದೇ ಅಳತೆಯ 12.9 ದರ್ಜೆಯ ಅಲೆನ್ ಬೋಲ್ಟಿಗೆ ಎಳೆತ 26.6 ಕಿಲೋನ್ಯೂಟನ್, ಟಾರ್ಕ್ ಸುಮಾರು 43.

ಗೋಡೆಗೆ ಅಂಟಿಸಿರುವ ಟಾರ್ಕ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥ ಅಂಕಿಗಳೇ. ಅವು ಬೋಲ್ಟ್ ಎಷ್ಟು ತಡೆದೀತು ಎಂದು ಹೇಳುತ್ತವೆ. ಟ್ಯಾಪ್ ಹೊಡೆದ, ಅಂದರೆ ಒಳಗೆ ಥ್ರೆಡ್ ಕೊರೆದ, ತೂತು ಎಷ್ಟು ತಡೆದೀತು ಎಂಬ ಮಾತೇ ಅಲ್ಲಿಲ್ಲ.

ಫಿಕ್ಸ್ಚರಿಗೆ, ಅಂದರೆ ಯಂತ್ರದ ಮೇಲೆ ಕೆಲಸದ ತುಂಡನ್ನು ಹಿಡಿದಿಡುವ ಸಾಧನಕ್ಕೆ, ಹೆಚ್ಚಾಗಿ ಬಳಸುವ 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ತೆಗೆದುಕೊಳ್ಳೋಣ. ಬೋಲ್ಟ್ 8 ಮಿ.ಮೀ. ಆಳಕ್ಕೆ ಹಿಡಿದಿದ್ದರೆ ತೂತಿನ ಥ್ರೆಡ್ ಕಿತ್ತುಬರಲು, ಕಾಗದದ ಲೆಕ್ಕದಲ್ಲಿ, ಸುಮಾರು 36 ಕಿಲೋನ್ಯೂಟನ್ ಬೇಕು. 12.9 ಬೋಲ್ಟ್ ತುಂಡಾಗಲು 44 ದಾಟಬೇಕು. ಹಾಗಾಗಿ ಮೊದಲು ಹೋಗುವುದು ತೂತು. ಕಿತ್ತುಬರುವ ಎಷ್ಟೋ ಮೊದಲು, 28ರ ಆಸುಪಾಸಿನಲ್ಲೇ, ಥ್ರೆಡ್ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಪಟ್ಟಿ ನೋಡಿ 43 ನ್ಯೂಟನ್ ಮೀಟರಿಗೆ, ಅಂದರೆ 26.6 ಕಿಲೋನ್ಯೂಟನ್ ಎಳೆತಕ್ಕೆ, ಬಿಗಿಸಿದವರು ಅದರ ಅಂಚಿನಲ್ಲೇ ನಿಂತಿರುತ್ತಾರೆ. ಮೇಲಾಗಿ ಭಾರ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ, ಮೊದಲ ಕೆಲವು ಸುತ್ತುಗಳೇ ಹೆಚ್ಚು ಹೊರುತ್ತವೆ. ಕೆಲಸ ಬದಲಾದಾಗಲೆಲ್ಲ ಬಿಚ್ಚಿ ಹಾಕುವ ಫಿಕ್ಸ್ಚರಿನಲ್ಲಿ ಸವೆತವೂ ಸೇರುತ್ತದೆ. ಅದಕ್ಕೇ ಅಲ್ಯೂಮಿನಿಯಂನಲ್ಲಿ ಥ್ರೆಡ್ಡಿನ ಆಳ ಬೋಲ್ಟ್ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಲಿ ಎನ್ನುವುದು. ಪದೇ ಪದೇ ಬಿಚ್ಚುವ ತೂತಿಗೆ ಮೊದಲೇ ಹೆಲಿಕಾಯಿಲ್, ಅಂದರೆ ಥ್ರೆಡ್ಡಿನಂತೆ ಕೂರುವ ಉಕ್ಕಿನ ತಂತಿಯ ಸುರುಳಿ, ಹಾಕಿಬಿಡುವುದು ಲೇಸು. ಥ್ರೆಡ್ ಹೋದ ಮೇಲೆ ಮಾಡುವ ರಿಪೇರಿ ಅದು ಎಂದುಕೊಂಡವರೇ ಹೆಚ್ಚು.

ತಲೆಯ ಅಡಿಯನ್ನೂ ಮರೆಯಬಾರದು. 13 ಮಿ.ಮೀ. ತಲೆ, 9 ಮಿ.ಮೀ. ತೂತು: ನಡುವೆ ಉಳಿಯುವ ಬಳೆಯ ವಿಸ್ತೀರ್ಣ 69 ಚದರ ಮಿ.ಮೀ. ಅಷ್ಟೆ. 26.6 ಕಿಲೋನ್ಯೂಟನ್ ಎಳೆತ ಅಲ್ಲಿ 385 ಮೆಗಾಪಾಸ್ಕಲ್ ಒತ್ತಡವಾಗುತ್ತದೆ, 6061-ಟಿ6 ಮಣಿಯುವುದು ಸುಮಾರು 276ಕ್ಕೆ. ಮೇಲಿನ ಪ್ಲೇಟೂ ಅಲ್ಯೂಮಿನಿಯಂ ಆಗಿದ್ದರೆ ತಲೆ ಒಳಗಿಳಿಯುತ್ತದೆ, ಇಳಿದಷ್ಟೂ ಬಿಗಿ ಸಡಿಲ. ಗಟ್ಟಿ ಉಕ್ಕಿನ ಅಗಲ ವಾಷರ್ ಬೇಕಾಗುವುದು ಇಲ್ಲಿ.

ಎಣ್ಣೆ ಇನ್ನೊಂದು ಬಲೆ. ಘರ್ಷಣೆಯ ಅಂಕಿ 0.15ಕ್ಕೆ ಇಳಿದರೆ ಅದೇ 25 ನ್ಯೂಟನ್ ಮೀಟರ್, 16ರ ಬದಲು 21 ಕಿಲೋನ್ಯೂಟನ್ ಎಳೆತ ತರುತ್ತದೆ. ನಿಗದಿ ಮಾಡಿದ ಟಾರ್ಕ್ ಮುಟ್ಟಿದೊಡನೆ ಸದ್ದು ಮಾಡುವ ಟಾರ್ಕ್ ರೆಂಚಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ, ಅದು ಎಂದಿನಂತೆ ಟಕ್ ಎನ್ನುತ್ತದೆ.

ಲೆಕ್ಕಕ್ಕಿಂತ ನನಗೆ ನಂಬಿಕೆ ಹೆಚ್ಚಿರುವುದು ಒಂದು ಪರೀಕ್ಷೆಯ ಮೇಲೆ. ಅದೇ ಅಲ್ಯೂಮಿನಿಯಂ ತುಂಡಿನಲ್ಲಿ ಅದೇ ಆಳದ ನಾಲ್ಕೈದು ತೂತು ಟ್ಯಾಪ್ ಮಾಡಿ, ಅದೇ ಬೋಲ್ಟ್, ವಾಷರ್, ಎಣ್ಣೆ ಬಳಸಿ, ಥ್ರೆಡ್ ಹೋಗುವವರೆಗೆ ಬಿಗಿಸಿ ಅಂಕಿ ಬರೆದುಕೊಳ್ಳಿ. ಅವುಗಳಲ್ಲಿ ಅತಿ ಕಡಿಮೆ ಬಂದದ್ದರ ಅರ್ಧಕ್ಕಿಂತ ಮೇಲೆ ನಾನಂತೂ ಹೋಗುವುದಿಲ್ಲ.