ಎರಡು ಹಳದಿ, ಒಂದೇ ಗಾಳಿಗೂಡು

ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಗಳು ಆಗೊಮ್ಮೆ ಈಗೊಮ್ಮೆ ಎರಡು ಹಳದಿಯ ದಪ್ಪ ಮೊಟ್ಟೆ ಇಡುವುದು ಸಹಜ. ಅಂಥವನ್ನೇ ಆರಿಸಿ ಕಾವಿಗಿಟ್ಟು, “ಡಾಕ್ಟ್ರೇ, ಒಂದರಲ್ಲಿ ಎರಡು ಮರಿ ಬಂದರೆ ಲಾಭವಲ್ಲವೇ?” ಎಂದು ಕೇಳುವವರು ಪ್ರತಿ ವರ್ಷವೂ ನನ್ನ ಬಳಿ ಬರುತ್ತಾರೆ. ಶಾಖ, ತೇವ, ಮೊಟ್ಟೆ ಹೊರಳಿಸುವ ಕ್ರಮ ಇವೆಲ್ಲ ಅವರಿಗೆ ಗೊತ್ತಿರುತ್ತದೆ. ಎಷ್ಟು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳದಿರುವುದು ಗಾಳಿಯ ಲೆಕ್ಕವನ್ನು.

ಆಹಾರ ಸಾಲದೆ ಅವಳಿ ಮರಿಗಳು ಸಾಯುತ್ತವೆ ಎಂದು ಹಲವರ ನಂಬಿಕೆ. ಹಳದಿಯೇ ಎರಡಿರುವಾಗ ಅದು ಮುಖ್ಯ ಕಾರಣವಾಗಲಾರದು. ಭ್ರೂಣವು ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಉಸಿರಾಡುತ್ತದೆ. ಮೊಟ್ಟೆಯ ತೂಕ 55 ಗ್ರಾಂನಿಂದ 80 ಗ್ರಾಂಗೆ ಏರಿದರೂ ಚಿಪ್ಪಿನ ಹೊರಮೈ ಹೆಚ್ಚುವುದು ಕಾಲುಭಾಗಕ್ಕಿಂತ ತುಸು ಹೆಚ್ಚಷ್ಟೆ. ಉಸಿರು ಬೇಕಾದ ಜೀವಗಳು ಮಾತ್ರ ಎರಡು. ಇನ್ನೂ ಕಷ್ಟದ ಘಟ್ಟ ಬರುವುದು 19–20ನೆಯ ದಿನ. ಆಗ ಮರಿಯು ಮೊಂಡು ತುದಿಯ ಗಾಳಿಗೂಡಿನೊಳಗೆ, ಅಂದರೆ ಚಿಪ್ಪಿನೊಳಗೆ ಗಾಳಿ ತುಂಬಿರುವ ಜಾಗದೊಳಗೆ, ಕೊಕ್ಕು ತೂರಿಸಿ ಮೊದಲ ಬಾರಿಗೆ ಶ್ವಾಸಕೋಶದಿಂದ ಉಸಿರೆಳೆಯಬೇಕು. ಗಾಳಿಗೂಡು ಇರುವುದು ಒಂದೇ. ಚೂಪು ತುದಿಯ ಕಡೆ ಸಿಕ್ಕಿಕೊಂಡ ಮರಿಗೆ ಹೊರಳಲು ಜಾಗವಿಲ್ಲ, ಕೊಕ್ಕು ಚಾಚಿದರೆ ಗಾಳಿಯೂ ಇಲ್ಲ. ಎರಡೂ ಬದುಕಿ ಹೊರಬಂದ ಉದಾಹರಣೆಗಳು ಇವೆ. ಆದ್ದರಿಂದ ಅಸಾಧ್ಯವೆಂದು ನಾನು ಹೇಳುವುದಿಲ್ಲ, ಆದರೆ ಬಹುಪಾಲು ಅಂಥ ಮೊಟ್ಟೆಗಳಲ್ಲಿ ಮರಿಯೇ ಆಗುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಜನ ತಾವೇ ಚಿಪ್ಪು ಒಡೆದು ಮರಿಗೆ ನೆರವಾಗಲು ಸೂಜಿ ಹಿಡಿಯುತ್ತಾರೆ, ನನ್ನ ತಾಳ್ಮೆ ಕೆಡುವುದು ಅಲ್ಲಿಯೇ. ನಮ್ಮ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರ ಮೊಮ್ಮಗ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಎರಡು ನೆರಳುಗಳನ್ನು ಕಂಡು ಹಿಗ್ಗಿದ್ದ. ಒಳಗಿನಿಂದ ಚಿಂವ್ ಎಂಬ ಸದ್ದು ಕೇಳಿದ ರಾತ್ರಿಯೇ ಚಿಪ್ಪನ್ನು ಸುಲಿದುಬಿಟ್ಟ. ಪೊರೆಯ ರಕ್ತನಾಳಗಳು ಇನ್ನೂ ಬತ್ತಿರಲಿಲ್ಲ, ಉಳಿದ ಹಳದಿ ಮರಿಯ ಹೊಟ್ಟೆಯೊಳಗೆ ಸೇರಿರಲಿಲ್ಲ. ರಕ್ತ ಸೋರಿ ಎರಡೂ ಹೋದವು. “ಸಹಾಯ ಮಾಡೋಣ ಅಂತ ಮಾಡಿದೆ ಸಾರ್” ಎಂದು ಅತ್ತ ಆ ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಮರಿ ತಾನಾಗಿ ಚಿಪ್ಪು ಒಡೆದು ಸುಮಾರು 24 ಗಂಟೆ ಕಳೆದರೂ ಮುಂದುವರಿಯದಿದ್ದರೆ ಮಾತ್ರ, ಒಡೆದ ಜಾಗದಲ್ಲೇ ಚೂರುಚೂರಾಗಿ ಬಿಡಿಸಬಹುದು. ಪೊರೆಯಲ್ಲಿ ಕೆಂಪು ಗೆರೆ ಕಂಡ ಕೂಡಲೇ ಕೈ ತೆಗೆಯಬೇಕು. ಮರಿ ಮಾಡಿಸಲು 50–60 ಗ್ರಾಂ ತೂಗುವ, ಒಂದು ವಾರಕ್ಕಿಂತ ಹಳೆಯದಲ್ಲದ ಮೊಟ್ಟೆಗಳೇ ಸಾಕು. ದಪ್ಪ ಮೊಟ್ಟೆಯನ್ನು ಇಟ್ಟೇ ತೀರುವೆನೆನ್ನುವವರು ಏಳನೆಯ ದಿನ ಬೆಳಕಿಗೆ ಹಿಡಿದು ನೋಡಿ, ರಕ್ತನಾಳ ಕಾಣದಿದ್ದರೆ ಅದನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ಅದು ಕೊಳೆತು ಒಡೆದು ಉಳಿದ ಮೊಟ್ಟೆಗಳನ್ನೂ ಕೆಡಿಸಬಹುದು.