ಕ್ರೂಸ್ ಕಂಟ್ರೋಲ್ ಸೆಟ್ ಆಗ್ತಿಲ್ವಾ? ಎಲೆಕ್ಟ್ರಿಕಲ್ ದೋಷ ಹುಡುಕುವವರಿಗೆ ಟಿಪ್ಪಣಿ

ಕ್ರೂಸ್ ಕೆಲಸ ಮಾಡ್ತಿಲ್ಲ ಅಂದ ಕೂಡಲೇ ಯಾವ ಪಾರ್ಟ್ ಹೋಗಿದೆ ಅಂತ ಯೋಚಿಸುವವರೇ ಜಾಸ್ತಿ. ಆ ಪ್ರಶ್ನೆ ಸ್ವಲ್ಪ ಹೊತ್ತು ಬದಿಗಿರಲಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಾರನ್ನು ಸೆಟ್ ಮಾಡಿದ ವೇಗದಲ್ಲೇ ಓಡಿಸುವ ಈ ಸಿಸ್ಟಂ ಅನ್ನು ಮಾಡಿರುವುದೇ ಸಣ್ಣ ಅನುಮಾನ ಬಂದರೂ ಕೈಬಿಡುವ ಹಾಗೆ. ಬ್ರೇಕ್ ಒತ್ತಿಲ್ಲ, ಕ್ಲಚ್ ಒತ್ತಿಲ್ಲ, ವೇಗ ಸಾಕಷ್ಟಿದೆ, ಗೇರ್ ಸರಿಯಿದೆ, ಎಂಜಿನ್‌ನಲ್ಲಿ ತಕರಾರಿಲ್ಲ. ಇಷ್ಟೂ ಖಾತ್ರಿಯಾದ ಮೇಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಪ್ಪುತ್ತದೆ. ಇವುಗಳಲ್ಲಿ ಒಂದು ‘ಬೇಡ’ ಅಂದರೂ ಮುಗೀತು, ಕ್ರೂಸ್ ಸೆಟ್ ಆಗಲ್ಲ. ಹಾಗಾಗಿ ‘ಬೇಡ’ ಅನ್ನುತ್ತಿರುವುದು ಯಾವುದು ಅಂತ ಕಂಡುಹಿಡಿದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಲಕ್ಷಣ ಸರಿಯಾಗಿ ಕೇಳಿಕೊಳ್ಳಿ. ಮೇನ್ ಬಟನ್ ಒತ್ತಿದರೆ ಮೀಟರಿನಲ್ಲಿ ಕ್ರೂಸ್ ಲೈಟೇ ಬರ್ತಿಲ್ಲ ಅಂದರೆ ಫ್ಯೂಸ್, ಸ್ಟಿಯರಿಂಗ್ ಬಟನ್, ಅದರ ವೈರಿಂಗ್ ಕಡೆ ನೋಡಬೇಕು. ಲೈಟ್ ಬರ್ತದೆ, ಆದರೆ ಸೆಟ್ ಆಗಲ್ಲ ಅಂದರೆ ಯಾವುದೋ ಅನುಮತಿ ಸಿಕ್ಕಿಲ್ಲ. ಸೆಟ್ ಆಗಿ ಸ್ವಲ್ಪ ದೂರ ಹೋಗಿ ತಾನೇ ಬಿಟ್ಟುಬಿಡುತ್ತದೆ ಅಂದರೆ ಎಲ್ಲೋ ಸಿಗ್ನಲ್ ಒಂದು ಕ್ಷಣ ತಪ್ಪುತ್ತಿದೆ. ಮೂರೂ ಬೇರೆ ಬೇರೆ ದಾರಿ, ಬೆರೆಸಬೇಡಿ.

ಎಂಜಿನ್ ಚೆಕ್ ಲೈಟ್ ಅಥವಾ ಎಬಿಎಸ್ ಲೈಟ್ ಉರಿಯುತ್ತಿದ್ದರೆ ಕ್ರೂಸ್ ಬಿಚ್ಚಲೇಬೇಡಿ. ಮಿಸ್‌ಫೈರ್ (ಎಂಜಿನ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೋಡ್, ಅಂದರೆ ಇಸಿಯು ಬರೆದಿಟ್ಟ ದೋಷದ ಸಂಖ್ಯೆ, ಇದ್ದರೂ ಕ್ರೂಸ್ ಕೊಡದ ಕಾರುಗಳು ಬೇಕಾದಷ್ಟಿವೆ. ಮೊದಲು ಆ ಕೋಡ್ ಸರಿಮಾಡಿ, ಕ್ರೂಸ್ ತಾನಾಗಿ ವಾಪಸ್ ಬಂದರೂ ಬರಬಹುದು. ಇನ್ನೊಂದು ಮಾತು. ಸಾಮಾನ್ಯವಾಗಿ ಸುಮಾರು 40 ಕಿ.ಮೀ. ವೇಗದ ಕೆಳಗೆ ಮಾಮೂಲಿ ಕ್ರೂಸ್ ಸೆಟ್ ಆಗುವುದಿಲ್ಲ. ನಿಧಾನಕ್ಕೆ ಓಡಿಸಿ ನೋಡಿ ‘ಕೆಟ್ಟಿದೆ’ ಅಂತ ಬರೆದುಕೊಳ್ಳಬೇಡಿ.

ಬ್ರೇಕ್ ಸ್ವಿಚ್: ಮೊದಲ ಅನುಮಾನ ಇಲ್ಲೇ

ಬ್ರೇಕ್ ಪೆಡಲ್ ಮೇಲ್ಗಡೆ ಇರುವ ಪುಟ್ಟ ಸ್ವಿಚ್ಚಿನೊಳಗೆ ಸಾಮಾನ್ಯವಾಗಿ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಬ್ರೇಕ್ ಲೈಟಿನದು. ಪೆಡಲ್ ಬಿಟ್ಟಾಗ ಓಪನ್, ಒತ್ತಿದಾಗ ಕ್ಲೋಸ್. ಇನ್ನೊಂದು ಕ್ರೂಸಿನದು, ಪೂರ್ತಿ ಉಲ್ಟಾ: ಬಿಟ್ಟಾಗ ಕ್ಲೋಸ್, ಒತ್ತಿದಾಗ ಓಪನ್. ಎರಡನೆಯದನ್ನು ಹಾಗೆ ಇಟ್ಟಿರುವುದಕ್ಕೆ ಕಾರಣ ಇದೆ. ವೈರ್ ಕಟ್ಟಾದರೂ ಇಸಿಯು ‘ಬ್ರೇಕ್ ಒತ್ತಿದ್ದಾರೆ’ ಅಂತಲೇ ತಿಳಿದು ಕ್ರೂಸ್ ಬಿಡುತ್ತದೆ. ಕೆಟ್ಟರೂ ಸುರಕ್ಷಿತವಾದ ಕಡೆಗೇ ಕೆಡುತ್ತದೆ, ಅಷ್ಟೇ.

ಹಾಗಾಗಿ ‘ಬ್ರೇಕ್ ಲೈಟ್ ಉರೀತಿದೆ, ಸ್ವಿಚ್ ಚೆನ್ನಾಗಿದೆ’ ಅನ್ನುವ ಮಾತನ್ನು ನಂಬಬೇಡಿ. ಅರ್ಧ ಸ್ವಿಚ್ ಚೆನ್ನಾಗಿದೆ ಅಂತ ಮಾತ್ರ ಅದರ ಅರ್ಥ. ಸ್ಕ್ಯಾನರ್ (ಇಸಿಯು ಮಾಹಿತಿ ಓದುವ ಉಪಕರಣ) ಹಾಕಿ ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಸಿಗ್ನಲ್ ಪಟ್ಟಿಯಲ್ಲಿ, ಎರಡೂ ಸ್ಥಿತಿಗಳನ್ನು ಒಟ್ಟಿಗೆ ತೆರೆಯಿರಿ. ಪೆಡಲ್ ಅನ್ನು ನಿಧಾನಕ್ಕೆ ಒತ್ತಿ, ನಿಧಾನಕ್ಕೆ ಬಿಡಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾಗಬೇಕು. ಒಂದು ಬದಲಾಗಿ ಇನ್ನೊಂದು ಸುಮ್ನೆ ಕೂತಿದ್ದರೆ ಅಲ್ಲೇ ಉತ್ತರ. ಪಿ0504 ಕೋಡ್ ಹೇಳುವುದೂ ಇದನ್ನೇ, ಎರಡು ಕಾಂಟ್ಯಾಕ್ಟುಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಅಂತ. ಪಿ0571 ಬಂದರೂ ಬ್ರೇಕ್ ಸ್ವಿಚ್ ಸರ್ಕ್ಯೂಟನ್ನೇ ನೋಡಬೇಕು.

ಸ್ವಿಚ್ ಬದಲಿಸುವ ಮೊದಲು ಟಾರ್ಚ್ ಹಾಕಿ ಪೆಡಲ್ ಬುಡ ನೋಡಿ. ಸ್ವಿಚ್ಚಿನ ಕಡ್ಡಿ ತಾಗುವ ಜಾಗದಲ್ಲಿ ಪೆಡಲ್ ತೋಳಿನ ತೂತಿಗೆ ಒಂದು ಸಣ್ಣ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ವಯಸ್ಸಾದಂತೆ ಅದು ಪುಡಿಯಾಗಿ ಬೀಳುತ್ತದೆ. ಆಮೇಲೆ ಪೆಡಲ್ ಪೂರ್ತಿ ಮೇಲೆ ಬಂದರೂ ಕಡ್ಡಿ ಆ ತೂತಿನೊಳಗೆ ಹೋಗಿಬಿಡುತ್ತದೆ. ಬ್ರೇಕ್ ಲೈಟ್ ಆರುವುದೇ ಇಲ್ಲ, ಕ್ರೂಸೂ ಇಲ್ಲ. ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಸ್ವಿಚ್ ಸರಿಯಿದೆ ಅಂತಲೇ ಇಟ್ಟುಕೊಳ್ಳಿ, ಬಿರಡೆ ಹಾಕಿದರೆ ಸಾಕಾಗಬಹುದು.

ಹಳೆಯ ಕೆಲವು ಕಾರುಗಳಲ್ಲಿ ಮತ್ತೊಂದು ತಮಾಷೆ ಇದೆ. ಅವುಗಳ ಕ್ರೂಸ್ ಮಾಡ್ಯೂಲ್ ಬ್ರೇಕ್ ಬಲ್ಬಿನ ಫಿಲಮೆಂಟ್ ಮೂಲಕ ಅರ್ತ್ ಸಿಗುತ್ತದಾ ಅಂತ ನೋಡುತ್ತದೆ. ಬಲ್ಬುಗಳೆಲ್ಲ ಸುಟ್ಟಿದ್ದರೆ, ಅಥವಾ ಚೆಂದ ಕಾಣಲಿ ಅಂತ ಎಲ್‌ಇಡಿ ಹಾಕಿಸಿದ್ದರೆ, ಆ ಅರ್ತ್ ಸಿಗುವುದಿಲ್ಲ. ಕ್ರೂಸ್ ಹೋಯಿತು.

ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ ಸ್ವಿಚ್‌ಗೂ ಇದೇ ಪರೀಕ್ಷೆ. ಬೇರೆ ಹೇಳಬೇಕಾದ್ದಿಲ್ಲ.

ಸ್ಟಿಯರಿಂಗ್ ಬಟನ್ ಮತ್ತು ಕ್ಲಾಕ್ ಸ್ಪ್ರಿಂಗ್

ನನ್ನ ಮಟ್ಟಿಗೆ ಕಲಿಯುವವರಿಗೆ ಅತಿ ಮಜಾ ಇರುವ ಭಾಗ ಇದು. ಸೆಟ್, ರೆಸ್ಯೂಮ್ (ಹಿಂದೆ ಸೆಟ್ ಮಾಡಿದ ವೇಗಕ್ಕೆ ಮರಳಿಸುವುದು), ಕ್ಯಾನ್ಸಲ್ ಬಟನ್‌ಗಳಿಗೆ ಬೇರೆ ಬೇರೆ ವೈರ್ ಇರುತ್ತದೆ ಅಂದುಕೊಳ್ಳುತ್ತೇವೆ. ಬಹಳ ಕಾರುಗಳಲ್ಲಿ ಇರುವುದು ಒಂದೇ ಸಿಗ್ನಲ್ ವೈರ್. ಪ್ರತಿ ಬಟನ್‌ಗೂ ಒಂದೊಂದು ರೆಸಿಸ್ಟರ್. ಇಸಿಯು 5 ವೋಲ್ಟ್ ಕೊಟ್ಟು, ಎಷ್ಟು ಉಳಿಯಿತು ಅಂತ ನೋಡಿ ಯಾವ ಬಟನ್ ಅಂತ ಗುರುತಿಸುತ್ತದೆ.

ಲೆಕ್ಕ ಮಾಡಿ ನೋಡೋಣ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಕಾರಿನದು ಮ್ಯಾನುವಲ್‌ನಲ್ಲಿ (ಸರ್ವಿಸ್ ಪುಸ್ತಕದಲ್ಲಿ) ಸಿಗುತ್ತದೆ. ಇಸಿಯು ಒಳಗಿನ ರೆಸಿಸ್ಟರ್ 1000 ಓಮ್, ಸೆಟ್ ಬಟನ್‌ನದು 250 ಓಮ್ ಅಂತಿರಲಿ. ಸೆಟ್ ಒತ್ತಿದಾಗ ಸಿಗುವುದು 5 × 250 ÷ 1250, ಅಂದರೆ 1 ವೋಲ್ಟ್. ರೆಸ್ಯೂಮ್ 430 ಓಮ್ ಆದರೆ 5 × 430 ÷ 1430, ಸುಮಾರು 1.5 ವೋಲ್ಟ್. ಈಗ ನಡುವಿನ ಕನೆಕ್ಟರ್ ತುಕ್ಕು ಹಿಡಿದು 180 ಓಮ್ ಸೇರಿಕೊಂಡಿತು ಅನ್ನಿ. ಸೆಟ್ ಒತ್ತುತ್ತೀರಿ, 250 ಹೋಗಿ 430 ಆಗಿದೆ, ಇಸಿಯುಗೆ ಕಾಣುವುದು ರೆಸ್ಯೂಮ್! ನೆನಪಿನಲ್ಲಿ ವೇಗವೇ ಇಲ್ಲದಿದ್ದಾಗ ರೆಸ್ಯೂಮ್ ಒತ್ತಿದರೆ ಏನೂ ಆಗುವುದಿಲ್ಲ ಅಲ್ವಾ? ನೋಡುವವರಿಗೆ ‘ಸೆಟ್ ಬಟನ್ ಸತ್ತಿದೆ’ ಅನ್ನಿಸುತ್ತದೆ. ಬಟನ್ ಚೆನ್ನಾಗಿಯೇ ಇದೆ. ಪಿ0564ರಿಂದ ಪಿ0581ರ ನಡುವೆ ಬರುವ ಬಟನ್ ಕೋಡುಗಳನ್ನು ಓದುವಾಗ ಈ ಲೆಕ್ಕ ತಲೆಯಲ್ಲಿರಲಿ.

ತಿರುಗುವ ಸ್ಟಿಯರಿಂಗ್‌ನಿಂದ ಕಾಲಮ್‌ಗೆ ಸಿಗ್ನಲ್ ತರುವುದು ಕ್ಲಾಕ್ ಸ್ಪ್ರಿಂಗ್, ಒಳಗೆ ಸುರುಳಿ ಸುತ್ತಿದ ಚಪ್ಪಟೆ ಪಟ್ಟಿ. ಕ್ರೂಸ್ ಜೊತೆ ಹಾರ್ನ್ ಅಥವಾ ಆಡಿಯೋ ಬಟನ್ ಹೋಗಿದ್ದರೆ, ಏರ್‌ಬ್ಯಾಗ್ ಲೈಟ್ ಬಂದಿದ್ದರೆ, ಮೊದಲ ಅನುಮಾನ ಇದರ ಮೇಲೆ. ಬಟನ್ ಒತ್ತಿಹಿಡಿದು ಸ್ಟಿಯರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಲೈವ್ ಡೇಟಾದಲ್ಲಿ ವೋಲ್ಟೇಜ್ ಕುಣಿಯುತ್ತದಾ ನೋಡಿ. ಕುಣಿದರೆ ಪಟ್ಟಿ ಸವೆದಿದೆ.

ಇಲ್ಲಿ ತಮಾಷೆ ಬೇಡ. ಕ್ಲಾಕ್ ಸ್ಪ್ರಿಂಗ್ ಮುಟ್ಟಲು ಏರ್‌ಬ್ಯಾಗ್ ಬಿಚ್ಚುವ ಮೊದಲು ಬ್ಯಾಟರಿ ತೆಗೆದು, ಮ್ಯಾನುವಲ್ ಹೇಳಿದಷ್ಟು ನಿಮಿಷ ಕಾಯಲೇಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಓಮ್ ಮೀಟರ್ ಹಚ್ಚಲೇಬಾರದು. ಮೀಟರಿನ ಸಣ್ಣ ಕರೆಂಟ್ ಕೂಡ ಅಪಾಯ.

ವೇಗದ ಸಿಗ್ನಲ್

ಸೆಟ್ ಆಗಿ ಬಿಟ್ಟುಬಿಡುವ ಕಾರಿನಲ್ಲಿ ಇದನ್ನು ನೋಡಿ. ಒಂದೇ ವೇಗದಲ್ಲಿ ಓಡಿಸುತ್ತಾ ನಾಲ್ಕೂ ಚಕ್ರದ ವೇಗವನ್ನು ರೆಕಾರ್ಡ್ ಮಾಡಿ. ಸ್ಕ್ಯಾನರ್ ನೋಡುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಒಂದು ಗೆರೆ ಮಾತ್ರ ಆಗಾಗ ಕೆಳಗೆ ಬಿದ್ದು ಎದ್ದರೆ ಆ ಚಕ್ರದ ಸೆನ್ಸರ್ ಅಥವಾ ಅದರ ಕನೆಕ್ಟರ್. ಕ್ರೂಸ್ ಯಾಕೆ ಬಿಟ್ಟಿತು ಅನ್ನುವ ಕಾರಣವನ್ನೂ ಕೆಲವು ಕಾರುಗಳ ಇಸಿಯು ಇಟ್ಟುಕೊಂಡಿರುತ್ತದೆ. ಸ್ಕ್ಯಾನರ್‌ನಲ್ಲಿ ಆ ಸಾಲು ಹುಡುಕಿ, ತುಂಬಾ ಸಮಯ ಉಳಿಯುತ್ತದೆ.

ಮೀಟರ್ ಹಿಡಿಯುವಾಗ

ವೈರ್ ಪರೀಕ್ಷೆಗೆ ಬರೀ ಓಮ್ ನೋಡುವುದು ಸಾಲದು. ಹತ್ತು ಎಳೆಯಲ್ಲಿ ಒಂಬತ್ತು ಕಟ್ಟಾಗಿ ಒಂದೇ ಉಳಿದಿದ್ದರೂ ಓಮ್ ಮೀಟರ್ ‘ಸರಿ’ ಅನ್ನುತ್ತದೆ. ಲೋಡ್ ಇರುವಾಗ, ಅಂದರೆ ಕರೆಂಟ್ ಹರಿಯುತ್ತಿರುವಾಗ, ವೋಲ್ಟೇಜ್ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್) ಅಳೆಯಿರಿ. ಬ್ರೇಕ್ ಒತ್ತಿ ಲೈಟ್ ಉರಿಯುವಾಗ ಸ್ವಿಚ್ಚಿನ ಎರಡು ಕಾಲುಗಳ ನಡುವೆ 0.1–0.2 ವೋಲ್ಟ್‌ಗಿಂತ ಜಾಸ್ತಿ ಬರಬಾರದು. ಇಸಿಯು ವೈರ್‌ಗಳಿಗೆ ಬಲ್ಬ್ ಟೆಸ್ಟರ್ ಹಾಕಬೇಡಿ, ಅದು ಎಳೆಯುವ ಕರೆಂಟ್ ಒಳಗಿನ ಸರ್ಕ್ಯೂಟ್ ಸುಟ್ಟೀತು.

ಕನೆಕ್ಟರ್ ಬಿಚ್ಚಿದಾಗ ಒಳಗೆ ಎಣ್ಣೆ ಜಿಡ್ಡು ಕಂಡರೆ ಅಸಡ್ಡೆ ಮಾಡಬೇಡಿ. ಫೋರ್ಡ್ ಕಂಪನಿಯ ಹಲವು ಹಳೆಯ ಗಾಡಿಗಳಲ್ಲಿ ಬ್ರೇಕ್ ಒತ್ತಡದ ಮೇಲೆ ಕ್ರೂಸ್ ಬಿಡಿಸುವ ಸ್ವಿಚ್ ಇತ್ತು, ಅದಕ್ಕೆ ಕೀ ತೆಗೆದ ಮೇಲೂ ಕರೆಂಟ್ ಬರುತ್ತಿತ್ತು. ಬ್ರೇಕ್ ಆಯಿಲ್ ಒಳಗೆ ಸೋರಿ, ನಿಲ್ಲಿಸಿದ ಗಾಡಿಗಳಿಗೂ ಬೆಂಕಿ ಬಿತ್ತು. 1999ರಿಂದ 2009ರವರೆಗೆ ಹಲವು ಕಂತಿನಲ್ಲಿ ಸುಮಾರು 1.4 ಕೋಟಿ ಗಾಡಿಗಳನ್ನು ಕಂಪನಿ ವಾಪಸ್ ಕರೆಸಬೇಕಾಯಿತು.

ಹೊಸ ಬ್ರೇಕ್ ಸ್ವಿಚ್ ಕೂರಿಸುವಾಗ ಪೆಡಲ್ ಒತ್ತಿಹಿಡಿಯಬೇಕೋ ಬಿಡಬೇಕೋ ಅಂತ ಮ್ಯಾನುವಲ್ ನೋಡಿ. ತಾನೇ ಅಡ್ಜಸ್ಟ್ ಆಗುವ ಸ್ವಿಚ್ ಒಮ್ಮೆ ತಪ್ಪು ಜಾಗದಲ್ಲಿ ಲಾಕ್ ಆದರೆ ಮತ್ತೆ ಹೊಸದೇ ತರಬೇಕಾದೀತು. ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಖಾಲಿ ರಸ್ತೆಯಲ್ಲಿ ಸೆಟ್ ಮಾಡಿ. ಬ್ರೇಕ್ ಮೇಲೆ ಕಾಲು ಸುಮ್ನೆ ತಾಗಿಸಿದರೂ ಬಿಡುತ್ತದಾ ಅನ್ನುವುದು ಮೊದಲ ಪರೀಕ್ಷೆ. ರೆಸ್ಯೂಮ್, ಕ್ಲಚ್ ಎಲ್ಲ ಆಮೇಲೆ.